ನಟ್ಟಿನ ಮೇಲಿನ ಬಿಳಿ ಗೆರೆ

“ಗುರುಗಳೇ, ಎಂದೋ ಬಿಟ್ಟುಬಿಟ್ಟ ಹುಚ್ಚು ಮತ್ತೆ ಬಂದರೆ ಏನು ಮಾಡಬೇಕು? ಒಳಗೆ ಕರೆಯಬೇಕೋ, ಬಾಗಿಲು ಹಾಕಬೇಕೋ?”

ಕೇಳಿದವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿದ್ದ ಶಿಷ್ಯ. ಅದಕ್ಕೆ ಮೊದಲು ಅವನು ಕರಡಿ ಮಜಲಿನ ಮೇಳದಲ್ಲಿ ಶಹನಾಯಿ ಊದುತ್ತಿದ್ದ. ನಡುವೆ ಅವನು, ಪಕ್ಕದಲ್ಲಿ ಶ್ರುತಿ ಹಿಡಿಯುವವನು, ಹಿಂದೆ ಕರಡಿ ಎಂಬ ಚರ್ಮವಾದ್ಯ ಬಾರಿಸುವವರು. ಒಂದು ದಿನ ಶಹನಾಯಿಯನ್ನು ಗೂಟಕ್ಕೆ ನೇತುಹಾಕಿ ಎದ್ದು ಬಂದವನು ಮತ್ತೆ ಅದನ್ನು ಮುಟ್ಟಿರಲಿಲ್ಲ. ಮೇಳದ ಸುದ್ದಿ ಆಡುವಾಗಲೂ ಪಕ್ಕದವನ ಹೆಸರನ್ನು ಮಾತ್ರ ಎಂದೂ ಎತ್ತಿರಲಿಲ್ಲ. ಈಚೆಗೆ ಮಾತ್ರ ಕಸ ಗುಡಿಸುವಾಗ, ಬೇಳೆ ಆರಿಸುವಾಗ ಅವನ ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಈಗಲೂ ಮೊಣಕಾಲಿನ ಮೇಲೆ ಆಡುತ್ತಿದ್ದವು.

ಗುರುಗಳು ಆ ಬೆರಳುಗಳನ್ನು ನೋಡಿದರು. ಮಠ ಸೇರುವ ಮೊದಲು ಅವರು ಲಾರಿಗಳಲ್ಲಿ ಕೂತು ಊರೂರು ತಿರುಗಿದವರು. ಅವರ ಕತೆಗಳಲ್ಲಿ ರಾಜರೂ ಋಷಿಗಳೂ ಕಡಿಮೆ.

“ಕೂಡು. ಒಂದು ಕಾರಿನ ಕತಿ ಹೇಳ್ತೀನಿ,” ಎಂದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಅರವತ್ತು ದಾಟಿದ ಮೇಲೆ ಅಂಗಡಿ ಮುಚ್ಚಿದ. ಮಕ್ಕಳಾಗಿರಲಿಲ್ಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಪೇಪರು ಓದುತ್ತಿದ್ದ. ಮಧ್ಯಾಹ್ನ ಖಾನಾವಳಿಯಿಂದ ಬಂದ ಡಬ್ಬಿ ತೆರೆಯುತ್ತಿದ್ದ. ಸಂಜೆ ಬೆಳಗಿನ ಪೇಪರನ್ನೇ ಇನ್ನೊಮ್ಮೆ ಓದುತ್ತಿದ್ದ. ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದಾಗ ಡಬ್ಬಿ ತಂದವನನ್ನು ‘ಇವತ್ತೇನು ಪಲ್ಯ?’ ಎಂದು ಕೇಳುತ್ತಿದ್ದ. ಮುಚ್ಚಳ ತೆಗೆದರೆ ಗೊತ್ತಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮನೆಯ ಹಿಂದೆ ಒಂದು ತಗಡಿನ ಶೆಡ್ಡು. ಅದಕ್ಕೆ ಬೀಗ ಬಿದ್ದು ಮೂವತ್ತು ವರ್ಷವಾಗಿತ್ತು. ಒಂದು ಬೆಳಿಗ್ಗೆ ಅದರೊಳಗಿಂದ ಬೆಕ್ಕಿನ ಮರಿಗಳ ಕೂಗು ಕೇಳಿಸಿತು. ವರ್ತಕ ಬೀಗದ ಕೈ ಹುಡುಕಿದ. ಸಿಗಲಿಲ್ಲ. ಕಲ್ಲು ತೆಗೆದುಕೊಂಡು ಬೀಗ ಒಡೆದ. ಒಳಗೆ ತಾಡಪತ್ರಿ ಹೊದಿಸಿದ ಒಂದು ಕಾರು ನಿಂತಿತ್ತು. ಬೆಕ್ಕು ತಾಡಪತ್ರಿಯ ಹರಕಿನಲ್ಲಿ ನುಸುಳಿ ಸೀಟಿನ ಮೇಲೆ ಮರಿ ಹಾಕಿತ್ತು.

ಅವನು ತಾಡಪತ್ರಿ ಎತ್ತಿದ.

ಎರಡೇ ಸೀಟಿನ, ಮೇಲೆ ಹೊದಿಕೆ ಇಲ್ಲದ ಕಾರು. ಉದ್ದ ಮೂತಿ, ಗಿಡ್ಡ ಬೆನ್ನು. ಅದರಲ್ಲಿ ಸಾಮಾನು ಹೇರಲಿಕ್ಕೆ ಬಾರದು, ಸಂಸಾರ ಕೂರಿಸಲಿಕ್ಕೆ ಬಾರದು. ಓಡುವುದಕ್ಕೆಂದೇ ಮಾಡಿದ ಗಾಡಿ ಅದು. ಹಿಂದೆ ಒಬ್ಬ ಸಂಸ್ಥಾನಿಕರು ವಿಲಾಯಿತಿಯಿಂದ ತರಿಸಿದ್ದರು. ಈಗ ಮೂತಿಯ ಎಡಭಾಗ ಜಜ್ಜಿ ಒಳಕ್ಕೆ ಹೋಗಿತ್ತು. ಚಕ್ರಗಳಲ್ಲಿ ಗಾಳಿ ಇರಲಿಲ್ಲ. ಆದರೆ ಹಳೆಯ ತೊಗಲು, ಪೆಟ್ರೋಲು, ಗ್ರೀಸು ಮೂರೂ ಬೆರೆತ ಆ ವಾಸನೆ ಹಾಗೆಯೇ ಇತ್ತು. ವರ್ತಕ ಬಾನೆಟ್ಟಿನ ಮೇಲೆ ಕೈ ಇಟ್ಟ. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಾಗಲಿಲ್ಲ.

ಆ ಕಾರಿನ ಹಿಂದಿನ ಕತೆ ಇಷ್ಟು.

ಮೂವತ್ತರ ವಯಸ್ಸಿನಲ್ಲಿ ವರ್ತಕನಿಗೆ ಹಳೆಯ ಓಟದ ಕಾರುಗಳ ಹುಚ್ಚು ಹಿಡಿದಿತ್ತು. ಜೊತೆಗೆ ಒಬ್ಬ ಮೇಸ್ತ್ರಿ ಇದ್ದ. ಅವನದು ಊರ ಹೊರಗೆ ಗ್ಯಾರೇಜು. ವಯಸ್ಸಿನಲ್ಲಿ ವರ್ತಕನ ಓರಗೆಯವನು. ಸಂಸ್ಥಾನಿಕರ ಹಾಳುಬಿದ್ದ ಲಾಯದಲ್ಲಿ ಕೋಳಿಗಳು ಕೂರುತ್ತಿದ್ದ ಈ ಕಾರನ್ನು ಅವರಿಬ್ಬರೂ ಎತ್ತಿನ ಬಂಡಿಗೆ ಕಟ್ಟಿ ಎಳೆದು ತಂದರು. ಎರಡು ವರ್ಷ, ಒಂದು ಭಾನುವಾರವೂ ತಪ್ಪದೆ, ಅದರ ಕೆಳಗೆ ಮಲಗಿದರು. ವರ್ತಕನಿಗೆ ಸ್ಪ್ಯಾನರು ಹಿಡಿಯಲು ಕಲಿಸಿದವನು ಮೇಸ್ತ್ರಿ. ದಾರಿಯಲ್ಲಿ ಹೋಗುವವರಿಗೆ ಕಾರಿನ ಕೆಳಗಿಂದ ಹೊರಚಾಚಿದ ನಾಲ್ಕು ಪಾದ ಮಾತ್ರ ಕಾಣುತ್ತಿದ್ದವು. ಸಾವ್ಕಾರರದು ಯಾವುದು, ಮೇಸ್ತ್ರಿಯದು ಯಾವುದು ಹೇಳಲಿಕ್ಕೆ ಬರುತ್ತಿರಲಿಲ್ಲ. ಎಲ್ಲವೂ ಕರೀ ಪಾದ.

ಮೇಸ್ತ್ರಿಗೆ ಎರಡು ಪದ್ಧತಿಗಳಿದ್ದವು. ನಟ್ಟು ಬಿಗಿದು ಮುಗಿಸಿದ ಮೇಲೆ ಅವನು ಸಣ್ಣ ಕುಂಚದಿಂದ ಒಂದು ಬಿಳಿ ಗೆರೆ ಎಳೆಯುತ್ತಿದ್ದ. ಗೆರೆ ನಟ್ಟಿನ ಮೇಲಿಂದ ಹಾಯ್ದು ಅದು ಕೂತ ಕಬ್ಬಿಣದ ಮೇಲೂ ಹೋಗಬೇಕು. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಇನ್ನೊಂದು ಪದ್ಧತಿ ಬ್ರೇಕಿನದು. ಬ್ರೇಕಿನ ನಟ್ಟು ಬಿಗಿದವನೇ ಮೊದಲು ಇಳಿಜಾರು ಇಳಿಯಬೇಕು, ಅದೂ ಒಬ್ಬನೇ. ‘ನಾ ಬಿಗಿದ ಬ್ರೇಕಿನ ಮ್ಯಾಲೆ ಮೊದಲು ಇನ್ನೊಬ್ರ ಜೀವ ಕೂಡಿಸಬಾರ್ದು ನೋಡ್ರಿ,’ ಅನ್ನುತ್ತಿದ್ದ.

ಬ್ರೇಕಿನ ಕೆಲಸದಲ್ಲಿ ಕೊನೆಯದು ಗಾಳಿ ತೆಗೆಯುವುದು. ಪೈಪುಗಳಲ್ಲಿ ಎಣ್ಣೆ ಮಾತ್ರ ತುಂಬಿರಬೇಕು. ಒಂದು ಗುಳ್ಳೆ ಗಾಳಿ ಉಳಿದರೂ ಪೆಡಲ್ ತುಳಿದಾಗ ಗಾಳಿ ಕುಗ್ಗುತ್ತದೆ, ಬ್ರೇಕು ಕೈಕೊಡುತ್ತದೆ. ಈ ಕೆಲಸಕ್ಕೆ ಅವರ ಗ್ಯಾರೇಜಿನಲ್ಲಿ ಇಬ್ಬರು ಬೇಕಿತ್ತು. ಒಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯುತ್ತಾನೆ. ಇನ್ನೊಬ್ಬ ಕೆಳಗೆ ಮಲಗಿ, ಚಕ್ರದ ಹಿಂದಿನ ನಟ್ಟು ಸಡಿಲಿಸಿ ಗಾಳಿ ಹೊರಗೆ ಬಿಟ್ಟು, ಮತ್ತೆ ಬಿಗಿದು, ‘ಬಿಡು’ ಅನ್ನುತ್ತಾನೆ. ಆ ಮಾತು ಬರುವ ತನಕ ಮೇಲಿನವನು ಕಾಲು ಎತ್ತುವಂತಿಲ್ಲ. ಎತ್ತಿದರೆ ಹೊರಗೆ ಹೋದ ಗಾಳಿ ತಿರುಗಿ ಒಳಗೆ ಬರುತ್ತದೆ. ಕೆಳಗಿದ್ದವನಿಗೆ ಮೇಲಿನವನ ಕಾಲು ಕಾಣುವುದಿಲ್ಲ. ನಂಬಬೇಕು.

ಕಾರು ತಯಾರಾದ ದಿನ ವರ್ತಕ ಸೀಟಿನಲ್ಲಿದ್ದ, ಮೇಸ್ತ್ರಿ ಕೆಳಗಿದ್ದ. ಮೂರು ಚಕ್ರ ಮುಗಿದಿದ್ದವು. ನಾಲ್ಕನೆಯದು ಮುಂದಿನ ಬಲಗಡೆಯ ಚಕ್ರ, ಅದರ ಕೊನೆಯ ಸಲ. ಆಗ ಗೇಟಿನಲ್ಲಿ ಊರಿನ ಕ್ಲಬ್ಬಿನ ನಾಲ್ಕು ಮಂದಿ ದೊಡ್ಡ ಮನುಷ್ಯರು ಬಂದು ನಿಂತು, ‘ಭಲೇ ಸಾವ್ಕಾರ್ರ!’ ಎಂದರು. ವರ್ತಕ ಕೈ ಮುಗಿಯಲು ಅರ್ಧ ಎದ್ದ. ಅವನ ಜೊತೆಗೆ ಕಾಲೂ ಎದ್ದಿತು.

ಕಣ್ಣು ಮಿಟುಕಿಸುವಷ್ಟು ಹೊತ್ತು. ಕೂಡಲೇ ಮತ್ತೆ ಒತ್ತಿದ. ಅದಾದ ಮೇಲೆ ಕೆಳಗಿನಿಂದ ‘ಬಿಡ್ರಿ’ ಎಂದು ಬಂತು. ಹೇಳಬೇಕೆಂದು ವರ್ತಕ ಬಾಯಿ ತೆರೆದ. ಹೇಳಿದ್ದರೆ ಇನ್ನು ಸ್ವಲ್ಪ ಹೊತ್ತಿನ ಕೆಲಸ, ಅಷ್ಟೇ. ಆದರೆ ನಾಲ್ಕು ಮಂದಿ ನೋಡುತ್ತಿದ್ದರು. ಪೆಡಲನ್ನು ಐದಾರು ಸಲ ತುಳಿದ. ತುಳಿದ ಹಾಗೆ ಅದು ಗಟ್ಟಿಯಾಯಿತು.

‘ಹೆಂಗೈತ್ರಿ?’ ಎಂದ ಮೇಸ್ತ್ರಿ.

‘ಕಲ್ಲಿನಂಗ ಐತಿ,’ ಎಂದ ವರ್ತಕ.

ಮೇಸ್ತ್ರಿ ಗೆರೆ ಎಳೆದು ಹೊರಗೆ ಬಂದ. ಪದ್ಧತಿಯಂತೆ ತಾನೊಬ್ಬನೇ ಕೂತು ಗುಡ್ಡದ ರಸ್ತೆಗೆ ಹೋದ. ಮೊದಲನೇ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೆಯದರಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಕೈಬ್ರೇಕು ಎಳೆದ. ಆ ವೇಗಕ್ಕೆ ಅದು ಸಾಲಲಿಲ್ಲ. ಕೆಳಗೆ ನೀರಿನ ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಮೇಸ್ತ್ರಿ ಕಾರನ್ನು ಪಕ್ಕದ ಕಲ್ಲುಗೋಡೆಗೆ ತಿರುಗಿಸಿದ. ಹೆಂಗಸರಿಗೆ ಏನೂ ಆಗಲಿಲ್ಲ. ಅವನ ಬಲಗಾಲಿನ ಮಂಡಿ ಪುಡಿಯಾಯಿತು.

ಜನ ಸೇರಿದರು. ಏನಾತು, ಹೆಂಗಾತು ಎಂದರು. ಓಡಿ ಬಂದ ವರ್ತಕ ಒಂದೇ ಮಾತು ಹೇಳಿದ: ‘ನಟ್ಟು ಸರಿಯಾಗಿ ಬಿಗಿದಿರಲಿಲ್ಲ ಅಂತ ಕಾಣ್ತದ.’

ಆಗ ಮೇಸ್ತ್ರಿಯನ್ನು ಕಾರಿನಿಂದ ಎತ್ತುತ್ತಿದ್ದರು. ಅವನಿಗೆ ಆ ಮಾತು ಕೇಳಿಸಿತು. ವರ್ತಕನ ಮುಖ ನೋಡಿದ. ಏನೂ ಅನ್ನಲಿಲ್ಲ.

ಆ ಒಂದು ಮಾತು ಊರು ತುಂಬಿತು. ಬ್ರೇಕಿನ ನಟ್ಟು ಬಿಗಿಯಲು ಬಾರದ ಮೇಸ್ತ್ರಿಯ ಹತ್ತಿರ ಯಾರು ಗಾಡಿ ಬಿಡುತ್ತಾರೆ? ಆರು ತಿಂಗಳಲ್ಲಿ ಗ್ಯಾರೇಜು ಮುಚ್ಚಿತು. ಅವನು ಊರು ಬಿಟ್ಟು ಹೋದ. ವರ್ತಕ ಕಾರಿಗೆ ತಾಡಪತ್ರಿ ಹೊದಿಸಿ ಶೆಡ್ಡಿಗೆ ಬೀಗ ಹಾಕಿದ. ಕೇಳಿದವರಿಗೆ ‘ಆ ಹುಚ್ಚು ಬಿಟ್ಟೆ’ ಎಂದ. ಆ ದಿನದಿಂದ ಮೇಸ್ತ್ರಿಯ ಹೆಸರನ್ನು ಅವನು ಬಾಯಲ್ಲಿ ಆಡಲಿಲ್ಲ. ಹೆಂಡತಿಯ ಮುಂದೆ ಕೂಡ.

ಈಗ ಬೆಕ್ಕಿನ ಮರಿಗಳು ಕಣ್ಣು ಬಿಟ್ಟು ಹೊರಗೆ ಹೋಗುವ ತನಕ ಅವನು ಕಾದ. ಆಮೇಲೆ ಒಂದು ನಟ್ಟು ಬಿಚ್ಚಿ ನೋಡೋಣ ಎಂದುಕೊಂಡ. ಒಂದೇ ಒಂದು. ಅದಕ್ಕೆ ಸೀಮೆಎಣ್ಣೆ ಬಿಟ್ಟು ಎರಡು ದಿನ ನೆನೆಹಾಕಿದ. ಮೂರನೆಯ ದಿನ ಸ್ಪ್ಯಾನರಿಗೆ ಮೈಭಾರ ಹಾಕಿದಾಗ ನಟ್ಟು ಕಿರ್ರೆಂದು ಅರ್ಧ ಸುತ್ತು ತಿರುಗಿತು. ಆ ಮಧ್ಯಾಹ್ನ ಡಬ್ಬಿಯವನನ್ನು ಪಲ್ಯ ಯಾವುದೆಂದು ಕೇಳಲು ಮರೆತ.

ಒಂದು ನಟ್ಟಿನಿಂದ ಶುರುವಾದದ್ದು ಮೂರು ವರ್ಷ ನಡೆಯಿತು. ಜಜ್ಜಿದ ಮೂತಿಯನ್ನು ಎತ್ತಲು ಬೇಕೆಂದು ತಾಮ್ರದ ಕೊಡ ಬಡಿಯುವವನ ಹತ್ತಿರ ಹೋಗಿ ತಗಡು ಬಡಿಯುವುದನ್ನು ಕಲಿತ. ‘ಈ ವಯಸ್ಸಿನ್ಯಾಗ ಕೊಡ ಮಾಡಿ ಯಾರಿಗೆ ಕೊಡ್ತೀರಿ ಸಾವ್ಕಾರ್ರ? ಎಲ್ಲಾರೂ ಪ್ಲಾಸ್ಟಿಕ್ ತಗೊಂಡಾರ,’ ಎಂದು ಅವನು ನಕ್ಕ. ವರ್ತಕನೂ ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ. ಪರದೇಶಕ್ಕೆ ಕಾಗದ ಬರೆದು ಬಿಡಿಭಾಗ ತರಿಸಿದ. ಸಿಗದೇ ಹೋದದ್ದನ್ನು ತಾನೇ ಅರದಿಂದ ಉಜ್ಜಿ ಮಾಡಿದ. ಬೆರಳುಗಳು ಒಡೆದವು. ಉಗುರಿನೊಳಗಿನ ಕಪ್ಪು ಸ್ನಾನಕ್ಕೂ ಹೋಗಲಿಲ್ಲ. ಅದನ್ನು ಬಿಸಿಲಿಗೆ ಹಿಡಿದು ನೋಡಿ ಅವನು ಖುಷಿಪಟ್ಟ.

ಆದರೆ ಹುಚ್ಚು ಬಲಿತ ಹಾಗೆ ಒಂಟಿತನವೂ ಬಲಿಯಿತು. ಪೇಪರು ಓದುವಾಗ ಇಲ್ಲದಷ್ಟು ಒಂಟಿತನ ಶೆಡ್ಡಿನಲ್ಲಿತ್ತು. ಎಂಜಿನ್ನಿನೊಳಗೆ ತಲೆ ತೂರಿಸಿಕೊಂಡಾಗ ಅವನ ಎಡಗೈ ತಾನಾಗಿಯೇ ಹಿಂದಕ್ಕೆ ಚಾಚುತ್ತಿತ್ತು. ಹಿಂದೆಲ್ಲ ಹಾಗೆ ಚಾಚಿದರೆ, ಬಾಯಿ ಬಿಟ್ಟು ಕೇಳುವ ಮೊದಲೇ, ಬೇಕಾದ ಸ್ಪ್ಯಾನರು ಅಂಗೈಗೆ ಬಂದು ಬೀಳುತ್ತಿತ್ತು. ಈಗ ಕೈ ಸುಮ್ಮನೆ ಗಾಳಿಯಲ್ಲಿ ತೆರೆದುಕೊಂಡಿರುತ್ತಿತ್ತು. ಆಮೇಲೆ ಅವನೇ ತಲೆ ಹೊರಗೆ ತೆಗೆದು, ಹೋಗಿ, ಸ್ಪ್ಯಾನರು ತರುತ್ತಿದ್ದ.

ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರು ಎರಡಿದ್ದವು. ಎರಡೂ ಒಂದೇ ಸಮ ಉಸಿರಾಡಬೇಕು. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಇಟ್ಟು, ಇನ್ನೊಂದನ್ನು ಅವುಗಳ ಬಾಯಿಗೆ ಹಿಡಿದು, ಒಮ್ಮೆ ಇದರದು ಒಮ್ಮೆ ಅದರದು ಕೇಳುತ್ತ ಅವನು ಹದಿನೈದು ದಿನ ಕಳೆದ. ಕಡೆಗೆ ಒಂದು ಬೆಳಿಗ್ಗೆ ಎರಡೂ ಒಂದೇ ದನಿ ಆದವು. ಎಂಜಿನ್ನು ಮೂವತ್ತು ವರ್ಷದ ಹಿಂದಿನ ಹಾಗೆ ಗುರುಗುಟ್ಟಿತು. ವರ್ತಕ ತಿರುಗಿ, ‘ಕೇಳಿದ್ಯಾ?’ ಎಂದ.

ಶೆಡ್ಡಿನಲ್ಲಿ ಬೆಕ್ಕು ಇತ್ತು. ಅದೂ ಸದ್ದಿಗೆ ಹೆದರಿ ಎದ್ದು ಹೋಯಿತು.

ಬ್ರೇಕನ್ನು ಅವನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದ. ಯಾಕೆಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಮುಂದಿನ ಬಲ ಚಕ್ರ ಕಳಚಿ, ಹಿಂದಿನ ಧೂಳನ್ನು ಬಟ್ಟೆಯಿಂದ ಒರೆಸಿದ. ಜಿಡ್ಡಿನ ಕೆಳಗೆ ನಟ್ಟು ಕಂಡಿತು. ನಟ್ಟಿನ ಮೇಲೆ ಗೆರೆ ಕಂಡಿತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಆದರೆ ಗೆರೆ ನಟ್ಟಿನಿಂದ ಕಬ್ಬಿಣಕ್ಕೆ, ದಾರ ಹಿಡಿದು ಎಳೆದ ಹಾಗೆ, ನೆಟ್ಟಗೆ ಹಾಯ್ದಿತ್ತು. ಎಲ್ಲೂ ಮುರಿದಿರಲಿಲ್ಲ.

ತಾನು ಆಡಿದ ಮಾತು ಸುಳ್ಳೆಂದು ಅವನಿಗೆ ಆಡಿದಾಗಲೇ ಗೊತ್ತಿತ್ತು. ಅದಕ್ಕೆ ಸಾಕ್ಷಿ ತನ್ನ ಶೆಡ್ಡಿನಲ್ಲೇ, ತನ್ನ ಬೀಗದ ಹಿಂದೆಯೇ, ಇಷ್ಟು ವರ್ಷ ಕೂತಿತ್ತು ಎಂಬುದು ಗೊತ್ತಿರಲಿಲ್ಲ. ಅವನು ನೆಲದ ಮೇಲೆ ಕೂತುಬಿಟ್ಟ. ಮಧ್ಯಾಹ್ನದ ಡಬ್ಬಿ ಕಟ್ಟೆಯ ಮೇಲೆ ಬಿಚ್ಚದೆ ಉಳಿಯಿತು.

ಗೆರೆ ಮುರಿಯದೆ ನಟ್ಟು ಬಿಚ್ಚುವ ದಾರಿ ಇರಲಿಲ್ಲ. ಮಾರನೆಯ ದಿನ ಅವನು ಅದನ್ನು ಮುರಿದ. ಪೈಪುಗಳನ್ನು ಬದಲಿಸಿದ, ಎಣ್ಣೆ ತುಂಬಿದ. ಈಗ ಕಾರು ಪೂರ್ತಿಯಾಗಿತ್ತು. ಗಾಳಿ ತೆಗೆಯುವುದೊಂದು ಬಾಕಿ. ಮೂರು ವರ್ಷ ಎಲ್ಲವನ್ನೂ ಒಬ್ಬನೇ ಮಾಡಿದ್ದ. ಇದನ್ನು ಒಬ್ಬನೇ ಮಾಡುವಂತಿರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಹೆಡ್ ಮಾಸ್ತರರಿದ್ದರು. ವರ್ತಕ ಅವರನ್ನು ಕರೆದ.

‘ಏನ್ ಸಾವ್ಕಾರ್ರ, ಮದುವಿ ಗಾಡಿ ತಯಾರ್ ಮಾಡೀರಿ! ಎರಡ ಸೀಟು ಬ್ಯಾರೆ. ಯಾರಪಾ ಆಕಿ?’ ಎನ್ನುತ್ತಲೇ ಮಾಸ್ತರರು ಸೀಟಿನಲ್ಲಿ ಕೂತರು.

‘ನಾ ಬಿಡು ಅನ್ನೂ ತನಕಾ ಕಾಲು ಎತ್ತಬ್ಯಾಡ್ರಿ ಮಾಸ್ತರ್ರ,’ ಎಂದು ವರ್ತಕ ಕೆಳಗೆ ಮಲಗಿದ. ‘ಒತ್ರಿ. ಹಿಡೀರಿ.’

‘ಹಿಡದೇನಿ, ಹಿಡದೇನಿ. ಮೂವತ್ತಾರು ವರ್ಷ ಸಾಲಿ ಹಿಡದಾವ್ನಿಗೆ ಇದೇನ್ ದೊಡ್ಡದು?’

ನಟ್ಟು ಸಡಿಲಿಸಿದ. ನಟ್ಟಿಗೆ ಸಿಕ್ಕಿಸಿದ್ದ ಪೈಪಿನಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಹೊರಗೆ ಬಂದವು. ಬಿಗಿಯುವ ಮೊದಲೇ, ಬಂದ ಗುಳ್ಳೆಗಳು ಕಣ್ಣೆದುರಿಗೆ ತಿರುಗಿ ಒಳಗೆ ಓಡಿದವು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ.

‘ಮಾಸ್ತರ್ರ, ಕಾಲು ಎತ್ತಿದ್ರೇನು?’

‘ನಾ ಎಲ್ಲಿ ಎತ್ತೇನಿ?’ ಎಂದರು ಮಾಸ್ತರರು. ಅವರ ದನಿ ರಸ್ತೆಯ ಕಡೆಗಿತ್ತು. ‘ನಿಮ್ಮ ನಟ್ಟೇ ಸರಿ ಬಿಗಿದಿಲ್ಲ, ನೋಡ್ಕೋರಿ.’

ವರ್ತಕ ಕಾರಿನ ಕೆಳಗೆ ಮಲಗಿಕೊಂಡೇ ಇದ್ದ. ಸ್ಪ್ಯಾನರು ಹಿಡಿದ ಕೈ ಎದೆಯ ಮೇಲಿತ್ತು. ಕೆಳಗೆ ಮಲಗಿದವನಿಗೆ ಈ ಮಾತು ಹೇಗೆ ಕೇಳಿಸುತ್ತದೆ ಎಂದು ಅವನಿಗೆ ಅವತ್ತು ಗೊತ್ತಾಯಿತು. ‘ಇವತ್ತಿಗೆ ಸಾಕ್ರಿ ಮಾಸ್ತರ್ರ,’ ಎಂದ. ಮಾಸ್ತರರು ಬದನೆಕಾಯಿ ಕೊಳ್ಳಲು ಹೋದರು.

ಅವನು ಮೇಸ್ತ್ರಿಯನ್ನು ಹುಡುಕಲು ಹೊರಟ. ಗ್ಯಾರೇಜುಗಳಲ್ಲಿ ಕೇಳಿದ. ಹೆಸರು ನಾಲಿಗೆಗೆ ಬರಲಿಲ್ಲ. ‘ನಟ್ಟಿನ ಮ್ಯಾಲೆ ಬಿಳಿ ಗೆರಿ ಎಳೀತಿದ್ನಲ್ಲ, ಆ ಮೇಸ್ತ್ರಿ,’ ಎಂದು ಕೇಳಿದ. ಮುದುಕರೊಬ್ಬರು ನೆನಪು ಮಾಡಿಕೊಂಡರು. ಒಂದು ಊರಿನ ಹೆಸರು ಹೇಳಿದರು. ಬಸ್ಸಿನಲ್ಲಿ ಮೂರು ತಾಸಿನ ದಾರಿ.

ಆ ಊರಿನ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ಹೊಲಿಗೆ ಯಂತ್ರ ರಿಪೇರಿ. ಕೂತು ಮಾಡುವ ಕೆಲಸ, ಕೆಳಗೆ ಮಲಗುವ ಹಾಗಿಲ್ಲ. ಬಾಗಿಲಲ್ಲಿ ರಿಪೇರಿಯಾದ ಒಂದು ಯಂತ್ರ ಇಟ್ಟಿತ್ತು. ಅದರ ಪ್ರತಿ ಸ್ಕ್ರೂವಿನ ಮೇಲೂ ಒಂದು ಬಿಳಿ ಗೆರೆ. ವರ್ತಕ ಬೋರ್ಡು ಓದಲಿಲ್ಲ. ಒಳಗೆ ಹೋದ. ಬಲಗಾಲನ್ನು ಕೋಲಿನ ಹಾಗೆ ಮುಂದಕ್ಕೆ ಚಾಚಿಕೊಂಡು ಒಬ್ಬ ಬಿಳಿ ಗಡ್ಡದವನು ಕೂತಿದ್ದ. ತಲೆ ಎತ್ತಿ ನೋಡಿದ. ಮತ್ತೆ ತಲೆ ತಗ್ಗಿಸಿ ಕೆಲಸ ಮುಂದುವರಿಸಿದ.

ವರ್ತಕ ದಾರಿಯುದ್ದಕ್ಕೂ ಬಹಳ ಮಾತು ಜೋಡಿಸಿಕೊಂಡು ಬಂದಿದ್ದ. ಒಂದೂ ಬರಲಿಲ್ಲ.

‘ಅವತ್ತು ನಾ ಕಾಲು ಎತ್ತಿದ್ದೆ,’ ಎಂದ.

‘ಗೊತ್ತೈತಿ.’

‘ಹೆಂಗ ಗೊತ್ತಾತು?’

‘ನಟ್ಟು ಬಿಗಿದಾವ ನಾನು. ಗೆರಿ ಎಳದಾವ ನಾನು. ಇನ್ನ ಉಳಿದಿದ್ದು ನಿಮ್ಮ ಕಾಲು ಒಂದೇ ಅಲ್ರಿ?’

‘ಮತ್ತ ಅವತ್ತೇ ಯಾಕ ಹೇಳಲಿಲ್ಲ?’

ಮೇಸ್ತ್ರಿ ಸೂಜಿಗೆ ದಾರ ಪೋಣಿಸಿದ. ಒಂದು ಸಲ ತಪ್ಪಿತು. ಇನ್ನೊಂದು ಸಲ ಹೋಯಿತು.

‘ಕಾಲು ನಿಮ್ದು. ನೀವೇ ಹೇಳ್ತೀರಿ ಅಂತ ಕಾದೆ. ಒಂದು ಏಳೆಂಟು ವರ್ಷ ಕಾದೆ. ಆಮ್ಯಾಲೆ ಬಿಟ್ಟೆ.’

ವರ್ತಕ ನಿಂತೇ ಇದ್ದ. ಕೂಡ್ರಿ ಎಂದು ಮೇಸ್ತ್ರಿ ಹೇಳಲಿಲ್ಲ. ಗಿರಾಕಿಯೊಬ್ಬಳು ಬಂದು ಯಂತ್ರ ತೆಗೆದುಕೊಂಡು ಹೋದಳು. ಅವಳು ಹೋದ ಮೇಲೆ ಮೇಸ್ತ್ರಿ ಕೇಳಿದ.

‘ಗಾಡಿ ಐತೇನು?’

‘ಐತಿ. ಎಲ್ಲಾ ಆಗೇತಿ. ಗಾಳಿ ತಗಿಯೂದು ಉಳದೈತಿ.’

ಮೇಸ್ತ್ರಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ವರ್ತಕ ಬಸ್ಸು ಹತ್ತಿ ವಾಪಸು ಬಂದ.

ಎಂಟು ದಿನದ ಮೇಲೆ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಊರುಗೋಲಿನ ಸದ್ದಾಯಿತು. ಮೇಸ್ತ್ರಿ ಮನೆಯ ಕಡೆ ನೋಡದೆ ನೇರ ಶೆಡ್ಡಿಗೆ ಹೋದ. ಕಾರಿನ ಸುತ್ತ ಒಂದು ಸುತ್ತು ಬಂದ. ಎಡ ಮೂತಿಯ ಮೇಲೆ ಕೈ ಆಡಿಸಿದ. ಬಡಿದು ಎತ್ತಿದ ಜಾಗ ಅವನ ಬೆರಳಿಗೆ ಸಿಕ್ಕಿತು. ಸೀಟಿನಲ್ಲಿ ಕೂತ. ಮಡಚಲು ಬಾರದ ಬಲಗಾಲನ್ನು ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಂಡ. ಎಡಗಾಲನ್ನು ಪೆಡಲಿನ ಮೇಲೆ ಇಟ್ಟ.

ವರ್ತಕ ಕೆಳಗೆ ಮಲಗಿದ.

‘ಒತ್ತು. ಹಿಡಿ. ಬಿಡು.’ ಒಂದು ಚಕ್ರ. ‘ಒತ್ತು. ಹಿಡಿ. ಬಿಡು.’ ಇನ್ನೊಂದು. ಆ ಮೂರು ಮಾತು ಬಿಟ್ಟು ಬೇರೆ ಮಾತು ಇರಲಿಲ್ಲ. ನಾಲ್ಕನೆಯದು ಮುಂದಿನ ಬಲ ಚಕ್ರ. ಗುಳ್ಳೆಗಳು ಬಂದವು. ಆಮೇಲೆ ಕಡಿಮೆಯಾದವು. ಆಮೇಲೆ ಬರೀ ಎಣ್ಣೆ, ನೂಲಿನ ಹಾಗೆ ಎಳೆಯಾಗಿ, ತಿಳಿಯಾಗಿ ಬಂತು. ವರ್ತಕ ನಟ್ಟು ಬಿಗಿದ. ಈಗ ‘ಬಿಡು’ ಎನ್ನಬೇಕು.

ಮಾತು ಹೊರಡಲಿಲ್ಲ.

ಮೇಲೆ ಪೆಡಲಿನ ಸ್ಪ್ರಿಂಗು ಸಣ್ಣಗೆ ನರಳುತ್ತಿತ್ತು. ಮುದುಕನ ಒಂಟಿ ಕಾಲು ನಡುಗುತ್ತಿತ್ತು. ಎತ್ತಲಿಲ್ಲ. ವರ್ತಕನ ಕಣ್ಣಿನಿಂದ ಇಳಿದ ನೀರು ಎರಡೂ ಕಿವಿಯೊಳಗೆ ಹೋಯಿತು. ಮಲಗಿದ್ದವನು ಒರೆಸಿಕೊಳ್ಳುವಂತಿರಲಿಲ್ಲ, ಕೈಯೆಲ್ಲ ಎಣ್ಣೆ.

‘ಸಾವ್ಕಾರ್ರ,’ ಎಂದಿತು ಮೇಲಿನ ದನಿ. ‘ಬಿಡ್ಲೇನು?’

‘ತಡಿ.’

ಪಕ್ಕದಲ್ಲಿ ಇಟ್ಟುಕೊಂಡಿದ್ದ ಸಣ್ಣ ಕುಂಚ ತೆಗೆದ. ನಟ್ಟಿನ ಮೇಲಿಂದ ಕಬ್ಬಿಣದ ಮೇಲೆ ಹಾಯುವ ಹಾಗೆ ಒಂದು ಬಿಳಿ ಗೆರೆ ಎಳೆದ. ಅವನ ಗೆರೆ ಸ್ವಲ್ಪ ಸೊಟ್ಟಗಾಯಿತು.

‘ಬಿಡು, ದಸ್ತಗೀರ,’ ಎಂದ.

ಮೇಲೆ ಸ್ಪ್ರಿಂಗಿನ ಸದ್ದು ನಿಂತಿತು. ಆಮೇಲೆ ಊರುಗೋಲಿನ ಸದ್ದು. ದಸ್ತಗೀರ ಸೀಟಿನಿಂದ ಇಳಿದಿದ್ದ.

‘ಹೆಂಗೈತಿ?’ ಎಂದು ಹೊರಗೆ ಬಂದ ವರ್ತಕ ಕೇಳಿದ.

‘ಕಲ್ಲಿನಂಗ ಐತಿ,’ ಎಂದ ದಸ್ತಗೀರ.

ಮೂವತ್ತು ಚಿಲ್ಲರೆ ವರ್ಷದ ಹಿಂದೆ ತಾನು ಆಡಿದ ಅದೇ ಮಾತು. ವರ್ತಕ ಅವನ ಮುಖ ನೋಡಿದ. ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಈ ಸಲ ನಟ್ಟು ಬಿಗಿದವನು ವರ್ತಕ. ಇಳಿಜಾರು ಇಳಿಯುವವನೂ ಅವನೇ, ಒಬ್ಬನೇ. ಹೊರಡುವ ಮೊದಲು ಪೆಡಲ್ ತುಳಿದು ನೋಡಬಹುದಿತ್ತು. ತುಳಿಯಲಿಲ್ಲ. ಕಾರು ಗೇಟು ದಾಟಿತು.

ಗುಡ್ಡದ ರಸ್ತೆ ಹಾಗೆಯೇ ಇತ್ತು. ಮೊದಲನೇ ತಿರುವಿನಲ್ಲಿ ಬ್ರೇಕು ಹಿಡಿಯಿತು. ಅವತ್ತೂ ಅಲ್ಲಿ ಹಿಡಿದಿತ್ತು. ಎರಡನೆಯ ತಿರುವು ಬಂತು. ಕಲ್ಲುಗೋಡೆ ಕಂಡಿತು. ವರ್ತಕ ಪೆಡಲ್ ಒತ್ತಿದ. ಕಾರು, ಯಾರೋ ಭುಜ ಹಿಡಿದು ನಿಲ್ಲಿಸಿದ ಹಾಗೆ, ಗೋಡೆಗೆ ಎರಡು ಮಾರು ದೂರದಲ್ಲಿ ನಿಂತಿತು.

ಅವನು ಎಂಜಿನ್ನು ಆರಿಸಿ ಬಹಳ ಹೊತ್ತು ಅಲ್ಲೇ ಕೂತ. ಪಕ್ಕದ ಸೀಟು ಖಾಲಿ ಇತ್ತು.

ಶೆಡ್ಡಿಗೆ ತಿರುಗಿ ಬಂದಾಗ ದಸ್ತಗೀರ ಇರಲಿಲ್ಲ. ಸ್ಪ್ಯಾನರುಗಳನ್ನೆಲ್ಲ ಒರೆಸಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ಇಟ್ಟಿದ್ದ. ಕುಂಚ ತೊಳೆದು ಒಣಗಲು ಇಟ್ಟಿದ್ದ. ಮಧ್ಯಾಹ್ನದ ಬಸ್ಸು ಹೋಗಿಯಾಗಿತ್ತು.

ಮುಂದಿನ ಗುರುವಾರ ವರ್ತಕ ಆ ಕಾರಿನಲ್ಲಿ ಮೇಸ್ತ್ರಿಯ ಊರಿಗೆ ಹೋದ. ಪೇಟೆಯಲ್ಲಿ ಜನ ಮುತ್ತಿದರು, ಮುಟ್ಟಿ ನೋಡಿದರು, ಎಷ್ಟು ಓಡುತ್ತದೆ ಎಂದು ಕೇಳಿದರು. ಅವನು ಕಾರನ್ನು ಹೊಲಿಗೆ ಯಂತ್ರದ ಅಂಗಡಿಯ ಎದುರಿಗೆ, ರಸ್ತೆಯ ಈಚೆ ಬದಿಗೆ ನಿಲ್ಲಿಸಿದ. ಹಾರ್ನು ಹೊಡೆಯಲಿಲ್ಲ. ಇಳಿಯಲಿಲ್ಲ. ಪಕ್ಕದ ಸೀಟಿನ ಬಾಗಿಲಿನ ಚಿಲಕ ಮಾತ್ರ ತೆಗೆದಿಟ್ಟ. ದಸ್ತಗೀರ ತಲೆ ಎತ್ತಿ ಚಕ್ರ ನೋಡಿದ, ಬಾನೆಟ್ಟು ನೋಡಿದ. ಮತ್ತೆ ತನ್ನ ಕೆಲಸ ನೋಡಿಕೊಂಡ. ಬಿಸಿಲು ಇಳಿಯುವ ತನಕ ಕಾದು ವರ್ತಕ ಚಿಲಕ ಹಾಕಿಕೊಂಡು ತಿರುಗಿ ಬಂದ.

ಅದರ ಮುಂದಿನ ಗುರುವಾರವೂ ಹೋದ. ಅದರ ಮುಂದಿನದಕ್ಕೂ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಬೆರಳುಗಳು ಯಾವಾಗಲೋ ಆಡುವುದನ್ನು ಬಿಟ್ಟಿದ್ದವು. ಕತೆ ಇನ್ನೂ ಇದೆ ಎಂದು ಅವನು ಕಾದ. ಗುರುಗಳು ಮುಂದುವರಿಸಲಿಲ್ಲ.

“ಗುರುಗಳೇ, ದಸ್ತಗೀರ ಕಡೆಗೆ ಆ ಕಾರು ಹತ್ತಿದನೇ?”

“ನಿನ್ನ ಪಕ್ಕ ಶ್ರುತಿ ಹಿಡೀತಿದ್ದವನ ಹೆಸರೇನಪ್ಪಾ?” ಎಂದರು ಗುರುಗಳು.